ಅಡಿಯ ಸಣ್ಣ ಅಕ್ಷರ

ಎರಡು ಹಡಗುಗಳ ಪರಿಚಯಪತ್ರಗಳಲ್ಲಿ, ಎರಡರ ಅಡಿಯಲ್ಲೂ, ಒಂದೇ ಎಚ್ಚರಿಕೆಯ ಸಾಲು ಇತ್ತು. ಒಂದರದ್ದನ್ನು ನನ್ನ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಂದರದ್ದನ್ನು ಓದದೆ ಬಿಟ್ಟೆ. ಕಣ್ಣು ತಪ್ಪಿ ಬಿಟ್ಟದ್ದಲ್ಲ — ಕಂಡು, ಎರಡು ಸಲ ಕಂಡು, ಹೆಬ್ಬೆರಳನ್ನು ಅದರ ಮೇಲಿಟ್ಟು ಬಿಟ್ಟದ್ದು. ಆ ಒಂದು ಸಾಲಿನಿಂದಾಗಿ ಅಕ್ಕ, ತಾನು ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿದ ಹಿಮನದಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿ, ನೋಡದೆ ಹಿಂದಿರುಗಿದಳು. ಯಾಕೆ ನೋಡಲಾಗಲಿಲ್ಲ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ನನಗೆ ಗೊತ್ತು.

ಇದನ್ನು ಬರೆಯುವಾಗ ಅವಳು ಒಳಗಿನ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದಾಳೆ. ನನ್ನ ಲೇಖನಿಯ ಸದ್ದು ಅವಳಿಗೆ ಕೇಳಿಸುತ್ತಿರಬಹುದು. ಕಣ್ಣು ಹೋದ ಮೇಲೆ ಕಿವಿ ಬಹಳ ಚುರುಕಾಗಿದೆ. ‘ಪೇಪರಿಗೆ ಬರೆಯುತ್ತಿದ್ದಾನೆ, ಯಾರ ತಪ್ಪು ಹಿಡಿದನೋ’ ಎಂದುಕೊಂಡಿರುತ್ತಾಳೆ. ಇಷ್ಟು ವರ್ಷ ಅದೇ ಆಗಿತ್ತಲ್ಲ ನನ್ನ ಕೆಲಸ — ಇನ್ನೊಬ್ಬರ ತಪ್ಪು ಹಿಡಿಯುವುದು.

ನನ್ನ ವಿಷಯ ಸ್ವಲ್ಪ ಹೇಳಬೇಕು. ತಪ್ಪಿನ ತೂಕ ಕಡಿಮೆ ಮಾಡಲಿಕ್ಕಲ್ಲ. ಅದು ಎಷ್ಟಿತ್ತೆಂದು ತಿಳಿಯಲಿಕ್ಕೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಉಡುಪಿಯ ಒಂದು ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದೆ. ಕನ್ನಡವನ್ನು ಮೊಳೆಗಳಿಂದಲೇ ಕಲಿತೆ. ಇಂಗ್ಲಿಷನ್ನು ಮದುವೆಯ ಕರೆಯೋಲೆಗಳಿಂದಲೂ ಹರಿದ ಒಂದು ನಿಘಂಟಿನಿಂದಲೂ. ಅಚ್ಚಾದದ್ದನ್ನು ಜನ ನಂಬುತ್ತಾರೆ. ಅಚ್ಚು ಜೋಡಿಸಿದವನಿಗೆ ನಂಬಲು ಸಾಧ್ಯವಿಲ್ಲ — ಆ ಅಕ್ಷರಗಳು ಬೆಳಿಗ್ಗೆ ತನ್ನ ಬೆರಳುಗಳ ನಡುವೆ ಹೇಗೆ ಬೇಕಾದರೂ ಕೂರಲು ತಯಾರಿದ್ದುದನ್ನು ಅವನು ನೋಡಿರುತ್ತಾನೆ. ಹಾಗಾಗಿ ನಾನು ಯಾವುದನ್ನೂ ಒಪ್ಪದವನಾದೆ. ಊರಿನ ಇತಿಹಾಸ ಎಂದು ಅಚ್ಚಾದ ಪುಸ್ತಿಕೆಗಳನ್ನು ಒಪ್ಪಲಿಲ್ಲ. ನಾನು ಹುಟ್ಟಿದ ಕಾಪುವಿನ ದೀಪಸ್ತಂಭದ ಬೆಳಕು ಎಷ್ಟು ದೂರ ಕಾಣುತ್ತದೆ ಎಂದು ಯಾರೋ ಬರೆದಿದ್ದರೆ ಅದನ್ನೂ ಒಪ್ಪದೆ, ದಡಕ್ಕೆ ಬಂದ ಒಬ್ಬೊಬ್ಬ ದೋಣಿಗಾರನನ್ನು ನಿಲ್ಲಿಸಿ ಕೇಳಿ, ಪತ್ರಿಕೆಗೆ ಕಾಗದ ಬರೆದಿದ್ದೆ. ದೋಣಿ ಹತ್ತಿ ನಾನೇ ಯಾಕೆ ಹೋಗಿ ನೋಡಲಿಲ್ಲ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ —

ಅದಕ್ಕೆ ಬರುತ್ತೇನೆ.

ಅಕ್ಕ ಸುನಂದಾ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಾರ್ಕಳದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಭೂಗೋಳ ಕಲಿಸಿದಳು, ಮದುವೆಯಾಗಲಿಲ್ಲ. ನಿವೃತ್ತಳಾದ ಮೇಲೆ, ನನ್ನ ಹೆಂಡತಿ ತೀರಿಕೊಂಡು ಮನೆ ಮೌನವಾಗಿದ್ದುದರಿಂದ, ಬನ್ನಂಜೆಯ ನನ್ನ ಮನೆಗೇ ಬಂದಳು. ನಮ್ಮ ಮನೆಮಾತು ತುಳು. ಆದರೆ ಪಾಠದ ವಿಷಯ ಬಂದರೆ ಅಕ್ಕ ತನಗರಿವಿಲ್ಲದೆ ಕನ್ನಡಕ್ಕೆ ತಿರುಗುತ್ತಿದ್ದಳು, ಕೈಯಲ್ಲಿ ಸೀಮೆಸುಣ್ಣ ಇದ್ದ ಹಾಗೆ ಎರಡು ಬೆರಳು ಸೇರಿಸಿಕೊಂಡು.

ಹಿಂದೆ ನಾನು ಪ್ರೆಸ್ಸಿನಿಂದ ಕರಡು ಪುಟಗಳನ್ನು ಮನೆಗೆ ತರುತ್ತಿದ್ದಾಗ, ರಜೆಯಲ್ಲಿ ಬಂದ ಅಕ್ಕ ಮೂಲ ಪ್ರತಿ ಹಿಡಿದು ಓದುತ್ತಿದ್ದಳು; ನಾನು ಕರಡಿನಲ್ಲಿ ತಪ್ಪು ತಿದ್ದುತ್ತಿದ್ದೆ. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಚಿಹ್ನೆ — ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ತಪ್ಪು ಅಕ್ಷರ ಕಣ್ಣಿಗೆ ತಾನಾಗಿ ಚುಚ್ಚುತ್ತದೆ. ಇಲ್ಲದ ಸಾಲು ಚುಚ್ಚುವುದಿಲ್ಲ. ಬಿಟ್ಟುಹೋದ ಸಾಲಿಗೆ ನಮ್ಮ ಪ್ರೆಸ್ಸಿನಲ್ಲಿ ‘ಔಟು’ ಎನ್ನುತ್ತಿದ್ದೆವು, ಅದಕ್ಕಿಂತ ದೊಡ್ಡ ಅಪರಾಧ ನಮ್ಮ ಕಸುಬಿನಲ್ಲಿರಲಿಲ್ಲ. ಆದುದರಿಂದ ಮೂಲ ಓದುವವರು ಒಂದು ಸಾಲನ್ನೂ ಬಿಡಬಾರದು. ಅಷ್ಟು ವರ್ಷಗಳಲ್ಲಿ ಅಕ್ಕ ಒಂದನ್ನೂ ಬಿಟ್ಟವಳಲ್ಲ.

ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಮಣಿಪಾಲದಲ್ಲಿ ಅಕ್ಕನ ಹಳೆಯ ವಿದ್ಯಾರ್ಥಿನಿ, ಬಜಗೋಳಿಯ ಲವೀನಾ, ಪ್ರವಾಸದ ಒಂದು ಸಣ್ಣ ಕಚೇರಿ ತೆರೆದಿದ್ದಳು. ಗಾಜಿನ ಬಾಗಿಲು, ಒಂದು ಭೂಗೋಳದ ಗುಂಡು, ಮೂರು ಕುರ್ಚಿ. ಮೊದಲ ಸಲ ಹೋದಾಗ ಅಕ್ಕ ಕುಳಿತುಕೊಳ್ಳುವ ಮೊದಲೇ ಆ ಗುಂಡನ್ನು ತಿರುಗಿಸಿ, ಉತ್ತರದ ತುದಿಗೆ ಬೆರಳಿಟ್ಟಳು.

ಲವೀನಾ ನಕ್ಕಳು. ‘ನನಗೆ ಗೊತ್ತಿತ್ತು ಟೀಚರ್. ಒಂಬತ್ತನೇ ಕ್ಲಾಸಲ್ಲಿ ನೀವು ಬೋರ್ಡಲ್ಲಿ ಸೀಮೆಸುಣ್ಣ ಅಡ್ಡ ಹಿಡಿದು ಹಿಮನದಿ ಎಳೀತಿದ್ರಲ್ಲ, ಅದು ನನ್ನ ಕಣ್ಣಲ್ಲಿ ಉಂಟು. ನಾನೊಂದು ಪ್ರಶ್ನೆ ಕೇಳಿದ್ದೆ, ನೆನಪುಂಟಾ?’

‘ಉಂಟು. ಮಂಜುಗಡ್ಡೆ ಹರಿಯುವುದಾದರೆ ಶಬ್ದ ಬರ್ತದಾ ಅಂತ ಕೇಳಿದ್ದಿ.’

‘ನೀವು ಗೊತ್ತಿಲ್ಲ ಅಂದ್ರಿ. ಟೀಚರ್ ಒಬ್ರು ಗೊತ್ತಿಲ್ಲ ಅಂದದ್ದು ನಾನು ಅದೇ ಮೊದಲು ಕೇಳಿದ್ದು.’

‘ಅದಕ್ಕೇ ಹೊರಟದ್ದು ಮಾರಾಯ್ತಿ. ಉತ್ತರ ಬಾಕಿ ಉಂಟಲ್ಲ.’

ಬಣ್ಣಬಣ್ಣದ ಎರಡು ಪರಿಚಯಪತ್ರಗಳನ್ನು ಲವೀನಾ ಮೇಜಿನ ಮೇಲೆ ಹರಡಿದಳು. ಒಂದು ದೊಡ್ಡ ಹಡಗು, ಎರಡು ಸಾವಿರ ಜನ. ಹನ್ನೊಂದು ಮಹಡಿ, ಈಜುಕೊಳ, ನಾಲ್ಕು ಭೋಜನಶಾಲೆ. ಇನ್ನೊಂದು ಸಣ್ಣದು, ಎಪ್ಪತ್ತು ಜನ ಮಾತ್ರ. ಎರಡಕ್ಕೂ ಅವಳು ಜನ ಸೇರಿಸುತ್ತಿದ್ದಳು. ‘ಟೀಚರ್, ಚಂದದ ಊಟ, ಡ್ಯಾನ್ಸು, ಲಿಫ್ಟು ಬೇಕಾದರೆ ದೊಡ್ಡದು. ಹಿಮನದಿಯನ್ನು ಹತ್ತಿರದಿಂದ ನೋಡ್ಲಿಕ್ಕಾದರೆ ಸಣ್ಣದೇ. ದೊಡ್ಡದು ಕೆಲವು ಸಲ ಒಳಗೆ ಹೋಗುದಿಲ್ಲ.’ ಆಮೇಲೆ ನನ್ನ ಕಡೆ ನೋಡಿ, ‘ಅಂಕಲ್ ನೋಡಿ ಹೇಳಿ. ನೀವು ಒಪ್ಪಿದರೆ ಅದು ಸರಿಯೇ ಇರ್ತದೆ. ಒಪ್ಪದಿದ್ರೆ ಹಡಗಿನವರನ್ನೇ ಕೋರ್ಟಿಗೆ ಎಳೆದೀರಿ’ ಎಂದಳು.

ಅಕ್ಕ ಹೆಮ್ಮೆಯಿಂದ ನಕ್ಕಳು. ಆ ಹೆಮ್ಮೆ — ಅದನ್ನು ಈಗ ನೆನೆಯಲು ನನಗೆ ಧೈರ್ಯ ಬೇಕಾಗುತ್ತದೆ.

ನಾನು ಕಾಗದವನ್ನು ಮಾತ್ರ ನಂಬದೆ, ಮರುವಾರ ಒಬ್ಬನೇ ಮಣಿಪಾಲಕ್ಕೆ ಹೋಗಿ ಸೈಬರ್ ಕೆಫೆಯಲ್ಲಿ ಕುಳಿತೆ. ಚಿತ್ರ ಪರದೆಯ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಬಹಳ ಹೊತ್ತು ನೀಲಿ, ಬರಿಯ ನೀಲಿ — ಅದು ಆಕಾಶವಲ್ಲ, ಗೋಡೆ ಎಂದು ತಿಳಿಯಲು ಸಮಯ ಹಿಡಿಯಿತು, ಕೊನೆಗೆ ಅದರ ಬುಡದಲ್ಲಿ ಒಂದು ಬಿಳಿಯ ಚುಕ್ಕೆ, ಸಣ್ಣ ಹಡಗು. ಲವೀನಾ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಾನು ಪರೀಕ್ಷಿಸಿ, ಸಾಕ್ಷ್ಯ ಕಂಡು, ಖಚಿತಪಡಿಸಿಕೊಂಡೇ ಎದ್ದೆ. ತಿಳಿಯದೆ ಮಾಡಿದೆ ಎಂದು ಹೇಳುವ ದಾರಿಯನ್ನು ಹೀಗೆ ನಾನೇ ಮುಚ್ಚಿಕೊಂಡಿದ್ದೇನೆ.

ಆ ಬಿಳಿಯ ಚುಕ್ಕೆ ನೀರಿಗೆ ಎಷ್ಟು ಹತ್ತಿರವಿತ್ತೆಂದರೆ, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ನನ್ನ ಅಂಗೈ ಬೆವರಿತು.

ನನಗೆ ಸಮುದ್ರವೆಂದರೆ ಹೆದರಿಕೆ. ಇಷ್ಟು ಸಣ್ಣ ವಾಕ್ಯವನ್ನು ಎಪ್ಪತ್ತು ದಾಟುವವರೆಗೆ ನಾನು ಬರೆದವನಲ್ಲ, ಹೇಳಿದವನಲ್ಲ. ಹದಿನಾರರ ವಯಸ್ಸಿನಲ್ಲಿ, ಶಾಲೆ ಬಿಟ್ಟು ತಿರುಗುತ್ತಿದ್ದವನನ್ನು ನೆರೆಮನೆಯ ನೀಲಪ್ಪಣ್ಣ ತನ್ನ ದೋಣಿಗೆ ಕರೆದುಕೊಂಡರು. ತೆರೆ ಒಡೆಯುವ ಗೆರೆ ದಾಟಿದ್ದೇ ತಡ, ದಡ ಕೆಳಗಿಳಿದು ಕಾಣದಾಯಿತು; ಅಡ್ಡಹಲಗೆಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ ನಾನು ಅಳುತ್ತ, ಬಟ್ಟೆ ಒದ್ದೆ ಮಾಡಿಕೊಂಡೆ. ಅವರು ದೋಣಿ ತಿರುಗಿಸಿದರು. ಮರಳಿನ ಮೇಲೆ ಇಳಿಸಿ, ‘ನಾನು ಯಾರಿಗೂ ಹೇಳುದಿಲ್ಲ ಮಗಾ. ನೀನೂ ಹೇಳಬೇಡ’ ಎಂದರು. ಅವರು ಸಾಯುವವರೆಗೆ ಆ ಮಾತು ಉಳಿಸಿದರು. ಮುಂದಿನ ಮೂರು ತಿಂಗಳು ನಾನು ಪ್ರತಿದಿನ ಮನೆಯಿಂದ ಹೊರಟು ದೀಪಸ್ತಂಭದ ಕೆಳಗಿನ ಬಂಡೆಗಳ ಮರೆಯಲ್ಲಿ ಕುಳಿತು, ದೋಣಿಗಳು ಬಂದ ಮೇಲೆ ಕಾಲು ಒದ್ದೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದೆ. ನೀಲಪ್ಪಣ್ಣ ದಿನವೂ ಕೈಯಲ್ಲಿ ನಾಲ್ಕು ಮೀನು ಕೊಟ್ಟು ಕಳುಹಿಸುತ್ತಿದ್ದರು. ‘ನನ್ನ ತಮ್ಮ ಒಂದು ಹಂಗಾಮು ಪೂರ್ತಿ ಸಮುದ್ರಕ್ಕೆ ಹೋದವ’ ಎಂದು ಅಕ್ಕ ಶಾಲೆಯ ಮಕ್ಕಳಿಗೂ ಹೇಳಿದ್ದಾಳೆ. ನಮ್ಮ ಕುಟುಂಬದ ಇತಿಹಾಸದಲ್ಲಿ ಅದು ಸೇರಿಹೋಗಿದೆ. ಎಲ್ಲರ ಇತಿಹಾಸವನ್ನೂ ಸಂಶಯದಿಂದ ನೋಡಿದ ನಾನು ಅದೊಂದನ್ನು ಮುಟ್ಟಲಿಲ್ಲ.

ದೊಡ್ಡ ಹಡಗಾದರೆ ಹನ್ನೊಂದು ಮಹಡಿ. ನಡುವಿನ ಒಂದರಲ್ಲಿ ಕುಳಿತರೆ ಲಾಡ್ಜಿನಲ್ಲಿದ್ದ ಹಾಗೆ. ಅದರಲ್ಲಿ ನಾನು ಹೋಗಬಲ್ಲೆ ಎಂದುಕೊಂಡೆ. ‘ಅಕ್ಕ, ನನಗೆ ಹೆದರಿಕೆ, ನೀನು ಸಣ್ಣದರಲ್ಲಿ ಹೋಗು’ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಒಬ್ಬಳೇ ಹೋಗಲು ಅಂಜುವವಳಲ್ಲ. ಲವೀನಾಳ ತಂಡವೂ ಇತ್ತು. ‘ನಿನಗೆ ಕಷ್ಟವಾದರೆ ಬಾರದಿದ್ರೂ ಆದೀತು’ ಎಂದು ಅವಳೇ ಒಮ್ಮೆ ಹೇಳಿದ್ದಳು. ಆದರೆ ಮನೆಯಲ್ಲುಳಿದರೆ ಯಾಕೆಂದು ಜನ ಕೇಳುತ್ತಾರಲ್ಲ —

ಪರಿಚಯಪತ್ರ ಓದಿದ್ದು ಒಂದು ಬೆಳಿಗ್ಗೆ, ಈ ಜಗಲಿಯಲ್ಲಿ. ಅಕ್ಕನ ಒಂದು ಕಣ್ಣಿನ ಪೊರೆ ತೆಗೆದು ಕೆಲವೇ ವಾರಗಳಾಗಿದ್ದವು. ಹೊಸ ಕನ್ನಡಕ ಬಂದಿರಲಿಲ್ಲ. ದೂರದ್ದು ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು — ಇದನ್ನು ದಯವಿಟ್ಟು ನೆನಪಿಡಿ — ಹತ್ತಿರದ ಅಕ್ಷರ ಮಾತ್ರ ಮಸುಕು. ‘ಕರಡು ಓದುವ ಹಾಗೆ ಓದು. ಅಡಿಯ ಸಣ್ಣ ಅಕ್ಷರ ಸಹ ಬಿಡಬೇಡ. ನಿಜ ಇರುವುದು ಅಲ್ಲೇ ಅಂತ ನೀನೇ ಹೇಳ್ತಿಯಲ್ಲ’ ಎಂದಳು.

ಸಣ್ಣ ಹಡಗಿನದ್ದು ಮೊದಲು. ಪೂರ್ತಿ ಓದಿದೆ, ವಿರಾಮಚಿಹ್ನೆ ಸಹಿತ, ಕನ್ನಡಕ್ಕೆ ತಿರುಗಿಸುತ್ತ. ಅಡಿಯಲ್ಲಿ ಆರು ಪಾಯಿಂಟಿನ ಅಕ್ಷರಗಳಲ್ಲಿದ್ದುದನ್ನು ನಿಧಾನವಾಗಿ, ಒತ್ತಿ ಓದಿದೆ: ‘ಹವೆಯೂ ಮಂಜುಗಡ್ಡೆಯೂ ಅನುವು ಮಾಡಿಕೊಟ್ಟರೆ ಮಾತ್ರ ಹಡಗು ಹಿಮನದಿಯ ಸಮೀಪಕ್ಕೆ ಹೋಗುವುದು.’

‘ಅಯ್ಯೋ’ ಎಂದಳು ಅಕ್ಕ. ‘ಹಾಗಾದರೆ ಖಾತ್ರಿ ಇಲ್ಲ.’

ದೊಡ್ಡದರದ್ದು ತೆಗೆದೆ. ಹೊಳೆಯುವ ಕಾಗದ, ಮೇಲೆ ಹಿಮನದಿಯ ಚಿತ್ರ. ಓದಿದೆ. ಅಡಿಗೆ ಬಂದೆ. ಅದೇ ಸಾಲು, ಅದೇ ಪದಗಳು, ಅದೇ ಆರು ಪಾಯಿಂಟು. ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಯಿತು ಎಂದು ಬರೆಯುತ್ತಿದ್ದೆ, ಹೊಡೆದುಹಾಕಿದೆ. ನಾನೇ ಇಟ್ಟೆ.

‘ಅಷ್ಟೇಯಾ?’ ಎಂದಳು ಅಕ್ಕ. ‘ಅಡಿಯಲ್ಲಿ ಏನೂ ಇಲ್ವಾ?’

‘ಏನೂ ಇಲ್ಲ.’

ಆದರೂ ಅವಳು ಬಿಡಲಿಲ್ಲ. ‘ಲವೀನಾ ಸಣ್ಣದೇ ಒಳ್ಳೆಯದು ಅಂದಳಲ್ಲ?’

‘ಅವಳದ್ದು ವ್ಯಾಪಾರ ಅಕ್ಕ. ಯಾವುದರಲ್ಲಿ ಹೆಚ್ಚು ಸಿಗ್ತದೋ ಅದನ್ನು ಹೇಳ್ತಾಳೆ.’ — ಇದಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಪ್ರಾಮಾಣಿಕವಾಗಿ ದುಡಿಯುವ ಒಬ್ಬ ಹೆಣ್ಣುಮಗಳ ಮೇಲೆ, ಅವಳ ಟೀಚರಿನ ಎದುರೇ, ನಾನು ಕೆಸರೆರಚಿದೆ. ಅಷ್ಟೂ ಸಾಲದೆಂದು ಇನ್ನೊಂದು ಹೇಳಿದೆ: ‘ಅದೂ ಆಟಿ ತಿಂಗಳಲ್ಲಿ ಹೊರಡುವುದು. ಆಟಿಯಲ್ಲಿ ಎಪ್ಪತ್ತು ಜನರ ದೋಣಿ ಹತ್ತುವುದಾ?’

ಅಕ್ಕ ಗಟ್ಟಿಯಾಗಿ ನಕ್ಕಳು. ‘ನಿನ್ನ ಬಾಯಲ್ಲಿ ಆಟಿಯಾ! ಆಟಿಯಲ್ಲಿ ಶುಭಕಾರ್ಯ ಯಾಕೆ ಮಾಡಬಾರದು ಅಂತ ಪೇಪರಲ್ಲಿ ಜಗಳ ಮಾಡಿದವ ಯಾರು? ನಮ್ಮ ಕಡಲು ಆಟಿಯಲ್ಲಿ ಕೆರಳಿದ್ರೆ ಅಲ್ಲಿಯದ್ದು ಯಾಕೆ ಕೆರಳಬೇಕು? ಅಲ್ಲಿ ನಮ್ಮ ಮಳೆಗಾಲ ಇಲ್ಲ ಮಾರಾಯ, ಅಕ್ಷಾಂಶವೇ ಬೇರೆ.’

‘ಕಡಲಿಗೆ ಹೋದವ ನಾನು, ನೀನಲ್ಲ’ ಎಂದೆ.

ನಗು ನಿಂತಿತು. ಭೂಗೋಳದ ಪಾಠವನ್ನು ಅವಳು ನನ್ನ ಆ ಒಂದು ವಾಕ್ಯದ ಮುಂದೆ ಕೆಳಗಿಟ್ಟಳು. ‘ಅದು ಹೌದು’ ಎಂದಳು. ‘ನೋಡಿದವರ ಮಾತು ಮೇಲು. ದೊಡ್ಡದಕ್ಕೇ ಹೇಳು.’

ಹೀಗೆ ಹಡಗಿನ ಆಯ್ಕೆಯಾಯಿತು.

ಪ್ರಯಾಣದ ವಿವರಗಳನ್ನು ಬರೆಯುವುದಿಲ್ಲ. ಅಕ್ಕ ಬರೆದಿದ್ದಾಳೆ, ಅಚ್ಚಾಗಿದೆ. ಹಿಮನದಿಯ ದಿನವೊಂದನ್ನು ಮಾತ್ರ ಹೇಳಬೇಕು. ಬೆಳಿಗ್ಗೆ ಹಡಗು ಎರಡು ಬೆಟ್ಟದ ಸಾಲುಗಳ ನಡುವಿನ ನೀರಿನ ಕಣಿವೆಯನ್ನು ಪ್ರವೇಶಿಸಿತು. ಅಕ್ಕ ಎರಡು ಸ್ವೆಟರ್ ತೊಟ್ಟು, ಅದರ ಮೇಲೆ ಸೀರೆಯ ಸೆರಗು ಸುತ್ತಿಕೊಂಡು, ಮಫ್ಲರ್ ಕಟ್ಟಿ, ಎಲ್ಲರಿಗಿಂತ ಮೊದಲು ಕಟಕಟೆಗೆ ಬಂದು ನಿಂತಿದ್ದಳು. ನಾನು ಅವಳ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ನೀರಿನಲ್ಲಿ ಮಂಜುಗಡ್ಡೆಯ ತುಂಡುಗಳು ತೇಲಿ ಬರತೊಡಗಿದವು. ಮೊದಲು ತಟ್ಟೆಯಷ್ಟು, ಆಮೇಲೆ ಮಂಚದಷ್ಟು, ಆಮೇಲೆ ಮನೆಯಷ್ಟು. ‘ಇವೆಲ್ಲ ಅದರಿಂದಲೇ ಕಳಚಿದ್ದು’ ಎಂದಳು ಅಕ್ಕ, ತರಗತಿಯ ಕನ್ನಡದಲ್ಲಿ, ಯಾರಿಗೂ ಅಲ್ಲದ ಹಾಗೆ. ‘ಆ ತಿರುವಿನ ಆಚೆ ಇರಬೇಕು.’

ತಿರುವಿನ ಈಚೆ ಹಡಗು ನಿಂತಿತು. ಮೇಲಿನಿಂದ ಪ್ರಕಟಣೆ ಬಂತು: ಮಂಜುಗಡ್ಡೆ ದಟ್ಟವಾಗಿದೆ, ಹಡಗು ದೊಡ್ಡದಾದ್ದರಿಂದ ಮುಂದೆ ಹೋಗಲಾಗದು, ಇಲ್ಲಿಂದ ಹಿಂದಿರುಗುತ್ತೇವೆ. ಜನ ಸ್ವಲ್ಪ ಗೊಣಗಿ ಊಟಕ್ಕೆ ಹೋದರು. ಅಕ್ಕ ಕದಲಲಿಲ್ಲ.

ಆಗ ನಮ್ಮ ಬದಿಯಿಂದ, ಬಹಳ ಕೆಳಗೆ, ಒಂದು ಸಣ್ಣ ಬಿಳಿಯ ಹಡಗು ಮಂಜುಗಡ್ಡೆಗಳ ನಡುವೆ ದಾರಿ ಮಾಡಿಕೊಳ್ಳುತ್ತ ಮುಂದಕ್ಕೆ ಹೋಯಿತು. ನಾನು ಅದನ್ನು ಕೂಡಲೇ ಗುರುತಿಸಿದೆ. ಸೈಬರ್ ಕೆಫೆಯ ಪರದೆಯಲ್ಲಿ ಅದು ಇಳಿದು ಬರುವುದನ್ನು ಕಾದಿದ್ದವನಲ್ಲವೆ ನಾನು.

‘ಅದು ಹೋಗ್ತಾ ಉಂಟಲ್ಲ?’ ಎಂದಳು ಅಕ್ಕ.

ಅವಳು ಕೈ ಚಾಚಿ ತೋರಿಸಿದಳು.

‘ನೋಡು, ಮೇಲೆ ಕೆಂಪು ಅಂಗಿಯವರು ನಿಂತಿದ್ದಾರೆ. ಒಬ್ಬಳು ಕೈ ಬೀಸ್ತಿದ್ದಾಳೆ. ಅದು ಲವೀನಾ ತೋರಿಸಿದ ಸಣ್ಣ ಹಡಗಲ್ವಾ?’

ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು. ಆ ಕ್ಷಣದಲ್ಲಿ ಹೇಳಬಹುದಿತ್ತು. ಹೇಳಿದರೆ ಹಿಮನದಿ ಹತ್ತಿರ ಬರುತ್ತಿರಲಿಲ್ಲ. ಆದರೆ ಕನಿಷ್ಠ —

‘ಅಲ್ಲ ಅಕ್ಕ. ಅದು ಸರ್ಕಾರದ ಹಡಗು. ಪ್ರಯಾಣಿಕರದ್ದಲ್ಲ.’

‘ಹೌದಾ?’ ಅವಳ ಮುಖ ಅರಳಿತು. ಬೇಸರವಲ್ಲ, ಅರಳಿತು. ‘ಅಳತೆ ಮಾಡ್ಲಿಕ್ಕೆ ಹೋಗ್ತಾರೆ ಹಾಗಾದರೆ! ವರ್ಷಕ್ಕೆ ಎಷ್ಟು ಸರಿಯಿತು ಅಂತ ಅಳೀತಾರೆ, ಪಾಠದಲ್ಲಿ ಉಂಟು.’ ಆ ಹಡಗಿಗೆ ಅವಳು ಕೈ ಎತ್ತಿ ಬೀಸಿದಳು.

ಅದು ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ, ಬೆಟ್ಟದ ಆಚೆಯಿಂದ, ಬಹಳ ದೊಡ್ಡದೊಂದು ಕಳಚಿ ನೀರಿಗೆ ಬಿದ್ದ ಸದ್ದು ಬಂತು. ಗುಡುಗಿನ ಹಾಗೆ ಎನ್ನಲಾರೆ. ಗುಡುಗು ಮೇಲಿನಿಂದ ಬರುತ್ತದೆ, ಇದು ಕಾಲಿನ ಕೆಳಗಿನಿಂದ ಬಂತು. ಅಕ್ಕ ಕಟಕಟೆಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು. ಬೆರಳುಗಳು ಸೀಮೆಸುಣ್ಣ ಹಿಡಿದ ಹಾಗೆ ಕೂಡಿದ್ದವು. ನಮ್ಮ ಹಡಗು ಆಗಲೇ ತಿರುಗುತ್ತಿತ್ತು.

ಊರಿಗೆ ಬಂದ ಮೇಲೆ ಮಣಿಪಾಲಕ್ಕೆ ಹೋದೆವು. ‘ಲವೀನಾ, ಶಬ್ದ ಬರ್ತದೆ’ ಎಂದಳು ಅಕ್ಕ, ಕುಳಿತುಕೊಳ್ಳುವ ಮೊದಲೇ. ನಿಂತ ಜಾಗ, ತಿರುವು, ಸರ್ಕಾರದ ಹಡಗು, ಎಲ್ಲವನ್ನೂ ಹೇಳಿದಳು. ಲವೀನಾ ಕೇಳುತ್ತ ಕೇಳುತ್ತ ನನ್ನನ್ನು ನೋಡಿದಳು. ಮೆಟ್ಟಿಲವರೆಗೆ ಬಂದವಳು, ಅಕ್ಕ ಮುಂದೆ ಇಳಿಯುತ್ತಿದ್ದಾಗ ಮೆಲ್ಲಗೆ ಕೇಳಿದಳು: ‘ಅಂಕಲ್, ಅದು ಸರ್ಕಾರದ್ದಾ?’

‘ನನಗೆ ಹಾಗೆ ಕಂಡಿತು’ ಎಂದೆ.

‘ಡಾಕ್ಟ್ರಿಗೆ ಕಣ್ಣು ತೋರಿಸಿ ಅಂಕಲ್’ ಎಂದು ಅವಳು ಬಾಗಿಲು ಹಾಕಿಕೊಂಡಳು.

ಅಕ್ಕನ ಶಾಲೆಯವರು ಸ್ಮರಣಸಂಚಿಕೆ ತರುವವರಿದ್ದರು; ಅಕ್ಕನಿಂದ ಪ್ರವಾಸದ ಲೇಖನ ಕೇಳಿದರು. ಅವಳು ಬರೆದಳು. ಒಳ್ಳೆಯ ಲೇಖನ, ಒಂದು ಕಡೆಯೂ ತಾನು ಹಿಮನದಿ ನೋಡಿದೆ ಎಂದು ಬರೆಯಲಿಲ್ಲ, ‘ಕೇಳಿದೆ’ ಎಂದೇ ಬರೆದಳು. ಆದರೆ ನಲವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯ: ‘ಅಲ್ಲಿಂದ ಮುಂದೆ ಪ್ರಯಾಣಿಕರ ಹಡಗು ಯಾವುದೂ ಹೋಗುವುದಿಲ್ಲ, ಅಳತೆಗೆ ಬರುವ ಸರ್ಕಾರಿ ಹಡಗು ಮಾತ್ರ ಹೋಗುತ್ತದೆ.’ ಸಂಚಿಕೆಯ ಕರಡು ತಿದ್ದಲು ಕೊಟ್ಟದ್ದು ಯಾರಿಗೆಂದು ಹೇಳಬೇಕಾಗಿಲ್ಲ. ಆ ವಾಕ್ಯಕ್ಕೆ ಬಂದಾಗ ನನ್ನ ಕೈಯಲ್ಲಿ ಕೆಂಪು ಶಾಯಿಯ ಲೇಖನಿ ಇತ್ತು. ‘ಅಳತೆಗೆ’ ಎಂಬುದು ‘ಅಳತಗೆ’ ಎಂದು ಅಚ್ಚಾಗಿತ್ತು. ಏತ್ವ ಹಾಕಿದೆ. ಮುಂದಿನ ಸಾಲಿಗೆ ಹೋದೆ.

ಅಚ್ಚಾದದ್ದನ್ನು ನಂಬಬಾರದು ಎಂದು ಊರಿಗೆಲ್ಲ ಹೇಳಿದವನು ಹೀಗೆ ಒಂದು ಸುಳ್ಳನ್ನು ಅಚ್ಚು ಮಾಡಿಸಿದೆ. ಅದೂ ಜೀವಮಾನದಲ್ಲಿ ಸುಳ್ಳು ಪಾಠ ಹೇಳದವಳ ಹೆಸರಿನಲ್ಲಿ. ಆ ಸಂಚಿಕೆ ಶಾಲೆಯ ಗ್ರಂಥಾಲಯದಲ್ಲಿದೆ. ಹಿಮನದಿಯ ಪಾಠ ಬಂದಾಗ ಈಗಿನ ಟೀಚರು ಆ ಪುಟವನ್ನು ಮಕ್ಕಳಿಗೆ ಓದಿಸುತ್ತಾರಂತೆ. ಅಕ್ಕನಿಗೆ ಅದೊಂದು ಸಂತೋಷ.

ವರ್ಷಗಳು ಹೋದವು. ಕಣ್ಣಿನ ಒತ್ತಡದ ಕಾಯಿಲೆ ಬಂದು ಅಕ್ಕನ ದೃಷ್ಟಿ ನಿಧಾನವಾಗಿ ಅಂಚುಗಳಿಂದ ಮುಚ್ಚುತ್ತ ಬಂತು. ಈಗ ಬೆಳಕು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಬೆಳಿಗ್ಗೆ ಪತ್ರಿಕೆಯನ್ನು ನಾನು ಓದಿ ಹೇಳುತ್ತೇನೆ.

ಕಳೆದ ತಿಂಗಳು ಲವೀನಾ ಬನ್ನಂಜೆಗೆ ಬಂದಿದ್ದಳು. ತಾನೇ ಒಂದು ತಂಡ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಂದಿದ್ದಳು. ದೊಡ್ಡದು ಮಾಡಿಸಿದ ಫೋಟೋ ತಂದಿದ್ದಳು. ಅಕ್ಕ ಫೋಟೋದ ಮೇಲೆ ಅಂಗೈ ಇಟ್ಟು, ‘ಎಂತ ಉಂಟು ಇದರಲ್ಲಿ?’ ಎಂದು ನನ್ನನ್ನು ಕೇಳಿದಳು.

ನನಗಿಂತ ಮೊದಲು ಲವೀನಾ ಹೇಳಿದಳು: ‘ಹಿಮನದಿ ಟೀಚರ್. ನೀಲಿ ಗೋಡೆ. ನಾನು ಅದರ ಎದುರು ನಿಂತಿದ್ದೇನೆ. ಸಣ್ಣ ಹಡಗಲ್ಲಿ ಹೋದದ್ದು, ಆವತ್ತು ನಾನು ನಿಮಗೆ ತೋರಿಸಿದ್ದೇ.’

‘ಪ್ರಯಾಣಿಕರ ಹಡಗಾ? ಒಳಗೆ ಹೋಯಿತಾ?’

‘ಹೋಯಿತು ಟೀಚರ್. ಯಾವಾಗಲೂ ಹೋಗ್ತದೆ. ಅಪರೂಪಕ್ಕೆ ಇಲ್ಲ.’

ಅಕ್ಕನ ಅಂಗೈ ಫೋಟೋದ ಮೇಲೆಯೇ ಇತ್ತು. ನಾನು ಕಾದೆ. ಅವಳು ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ್ದರೆ — ಕೇಳಲಿಲ್ಲ. ಲವೀನಾ ಹೋದ ಮೇಲೆ ಹೇಳಿದಳು: ‘ನಾನು ಬರೆದದ್ದು ತಪ್ಪು. ಕಣ್ಣು ಆಗಲೇ ಹೋಗಿತ್ತು ಕಾಣ್ತದೆ, ಹಡಗು ಯಾರದ್ದು ಅಂತ ಗುರುತಿಸ್ಲಿಕ್ಕಾಗಲಿಲ್ಲ ನನಗೆ. ಮಕ್ಕಳು ಅದನ್ನೇ ಓದ್ತಾ ಇದ್ದಾರೆ. ಕಾಗದ ತೆಗೆ, ಹೆಡ್ಮಾಸ್ಟ್ರಿಗೆ ಬರೆಯಬೇಕು.’

ನಾನು ಹೇಳಿದ ಮಾತನ್ನು ಅವಳು ಮರೆತಳೆ? ಅಥವಾ ನೆನಪಿದ್ದೂ — ಇಲ್ಲ, ಆ ಎರಡನೆಯದನ್ನು ಊಹಿಸುವ ಹಕ್ಕು ನನಗಿಲ್ಲ. ಊಹಿಸಿದರೆ ನನಗೆ ಸಮಾಧಾನವಾಗುತ್ತದೆ.

ಅವಳು ಹೇಳಿದಳು, ನಾನು ಬರೆದೆ. ‘ನನ್ನ ದೃಷ್ಟಿದೋಷದಿಂದ ಆದ ತಪ್ಪಿಗೆ ಕ್ಷಮೆ ಕೋರುತ್ತೇನೆ’ ಎಂದು ನನ್ನ ಕೈಯಿಂದಲೇ ಬರೆಸಿದಳು. ಕೆಳಗೆ ತಡವರಿಸಿ ಸಹಿ ಹಾಕಿದಳು, ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಕಾರ್ಕಳಕ್ಕೆ ಹೋಗಿ ಕೈಯಾರೆ ಕೊಟ್ಟು ಬಾ ಎಂದಳು. ನಾಲ್ಕು ದಿನದ ಮೇಲೆ ‘ಕೊಟ್ಟೆಯಾ?’ ಎಂದು ಕೇಳಿದಳು. ಹೆಡ್ಮಾಸ್ಟ್ರು ರಜೆಯಲ್ಲಿದ್ದಾರೆ ಎಂದೆ. ಕಾಗದ ಈ ಮೇಜಿನ ಖಾನೆಯಲ್ಲಿದೆ. ಅದನ್ನು ನಾನು ಕೊಡುವುದಿಲ್ಲ. ತಾನು ಕಂಡದ್ದನ್ನು ಸರಿಯಾಗಿ ಕಂಡ ಒಂದು ಜೊತೆ ಕಣ್ಣುಗಳ ಮೇಲೆ, ಅವು ಆರಿಹೋದ ಮೇಲೆ, ಇಲ್ಲದ ತಪ್ಪನ್ನು ಹೊರಿಸುವ ಕಾಗದ ಅದು.

ಬದಲಿಗೆ ಇದನ್ನು ಬರೆದಿದ್ದೇನೆ. ನಾಳೆ ಬೆಳಿಗ್ಗೆ ಪತ್ರಿಕೆಯ ಹೊತ್ತಿಗೆ ಅಕ್ಕ ಗೋಡೆ ಸವರುತ್ತ ಜಗಲಿಗೆ ಬರುತ್ತಾಳೆ, ತನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಆಗ ಪತ್ರಿಕೆಯನ್ನು ಬದಿಗಿಟ್ಟು ಇದನ್ನೇ ಓದುತ್ತೇನೆ. ಕರಡು ಓದುವ ಹಾಗೆ, ಅಲ್ಪವಿರಾಮ ಸಹಿತ, ನೀಲಪ್ಪಣ್ಣನ ದೋಣಿಯನ್ನೂ ಒದ್ದೆಯಾದ ಬಟ್ಟೆಯನ್ನೂ ಬಿಡದೆ. ಆಮೇಲೆ ಮಣಿಪಾಲಕ್ಕೆ ಹೋಗಿ ಲವೀನಾಳ ಮುಂದೆ ನಿಲ್ಲಬೇಕು. ಅಲ್ಲಿಂದ ಕಾರ್ಕಳದ ಬಸ್ಸು.

ಓದಿ ಮುಗಿಸಿದಾಗ ಅಕ್ಕ ಏನೆನ್ನುತ್ತಾಳೋ ನನಗೆ ತಿಳಿಯದು. ಒಂದು ಮಾತ್ರ ಕೇಳಬಹುದು, ಅದು ಅವಳ ಅಭ್ಯಾಸ: ‘ಅಷ್ಟೇಯಾ? ಅಡಿಯಲ್ಲಿ ಏನೂ ಇಲ್ವಾ?’

ಉಂಟು ಅಕ್ಕ. ಹಿಂದೆ ನಾವು ಪುಸ್ತಕಗಳ ಕೊನೆಗೆ ಹಚ್ಚುತ್ತಿದ್ದ ತಪ್ಪು-ಒಪ್ಪಿನ ಚೀಟಿಯ ಹಾಗೆ, ಅಡಿಯಲ್ಲಿ ಇದು ಉಂಟು. ಸ್ಮರಣಸಂಚಿಕೆಯ ಪ್ರತಿಯೊಂದು ಪ್ರತಿಗೂ ಇದನ್ನು ನಾನೇ ಅಂಟಿಸಿ ಬರುತ್ತೇನೆ.

ಪುಟ ನಲವತ್ತೊಂದು, ಸಾಲು ಹದಿನೆಂಟು.

ತಪ್ಪು: ಅಲ್ಲಿಂದ ಮುಂದೆ ಪ್ರಯಾಣಿಕರ ಹಡಗು ಯಾವುದೂ ಹೋಗುವುದಿಲ್ಲ, ಅಳತೆಗೆ ಬರುವ ಸರ್ಕಾರಿ ಹಡಗು ಮಾತ್ರ ಹೋಗುತ್ತದೆ.

ಒಪ್ಪು: ಅಲ್ಲಿಂದ ಮುಂದೆ ಪ್ರಯಾಣಿಕರ ಸಣ್ಣ ಹಡಗು ಹೋಗುತ್ತದೆ. ಲೇಖಕಿ ಅದನ್ನು ಸರಿಯಾಗಿಯೇ ಕಂಡಿದ್ದರು. ಅಲ್ಲವೆಂದು ಸುಳ್ಳು ಹೇಳಿದವನು ಅವರ ತಮ್ಮ.